ಕೊರೊನಾ ಜ್ವರ ಬಂದರೆ ಮೊದಲು ದಿನ ಎಣಿಸಿ

ನಾನು ಬನಹಟ್ಟಿಯವಳು. 19 ವರ್ಷದಿಂದ ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ರಕ್ತ ತೆಗೆಯುವುದು, ಮಷಿನ್‌ಗೆ ಹಾಕುವುದು, ರಿಪೋರ್ಟ್ ಕೊಡುವುದು ನನ್ನ ಕೆಲಸ. ಔಷಧ ಬರೆಯುವುದು ಡಾಕ್ಟರ್ ಕೆಲಸ. ಆದರೆ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನನ್ನನ್ನೇ. "ಅಕ್ಕಾರ, ಛಲೋ ಐತೇನ್ರಿ?" ಅವರಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು: "ಇವತ್ತಿಗೆ ಎಷ್ಟನೇ ದಿನ?"

ಬಹಳ ಮಂದಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. "ಮೂರ್ನಾಲ್ಕು ದಿನ ಆಗಿರಬೇಕ್ರಿ" ಅಂತಾರೆ. ಕೊರೊನಾದಲ್ಲಿ ಆ ಮೂರಕ್ಕೂ ನಾಲ್ಕಕ್ಕೂ, ಆರಕ್ಕೂ ಒಂಬತ್ತಕ್ಕೂ ತುಂಬ ವ್ಯತ್ಯಾಸ ಇದೆ. ನಮ್ಮ ಮೈ ಈ ವೈರಸ್ ಜೊತೆ ಹೊಡೆದಾಡುವುದಕ್ಕೆ ಒಂದು ಲೆಕ್ಕ ಇದೆ. ಯಾವ ದಿನ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಯಾವಾಗ ಸುಮ್ನೆ ಮಲಗಿಸಬೇಕು, ಯಾವಾಗ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಓಡಬೇಕು ಅನ್ನುವುದು ತಿಳಿಯುತ್ತದೆ. ಇದನ್ನು ನಾನು ಕಲಿತದ್ದು ನಮ್ಮ ಕಾಕಾನಿಂದ.

2021ರ ಮೇ ತಿಂಗಳು. ಕಾಕಾ ನೇಕಾರ, ಮನೆಯಲ್ಲೇ ಎರಡು ಮಗ್ಗ. 19ನೇ ತಾರೀಖು ಬೆಳಿಗ್ಗೆ ಅವನ ಮಗ ಫೋನ್ ಮಾಡಿದ. "ಅಕ್ಕಾ, ಅಪ್ಪಗ ಬಸವ ಜಯಂತಿಯಿಂದ ಜ್ವರ. ಇವತ್ತ ಕಡಿಮಿ ಆಗೇತಿ. ಆರಾಮ ಆಗ್ತಾನಲಾ?" ಆ ವರ್ಷ ಬಸವ ಜಯಂತಿ ಮೇ 14ಕ್ಕೆ ಬಂದಿತ್ತು. ಅವನ ಲೆಕ್ಕದಲ್ಲಿ ಅದು ಆರನೇ ದಿನ. ಅಷ್ಟರಲ್ಲಿ ಹಿಂದಿನಿಂದ ಕಾಕಿಯ ದನಿ ಕೇಳಿತು. "ಅಮಾಸಿ ದಿನಾನ ಮೈಕೈ ನೋವ ಅಂತ ಮಗ್ಗ ಬಿಟ್ಟ ಮಲಗಿದ್ರಲ್ಲೋ!" ಅಮಾವಾಸ್ಯೆ 11ಕ್ಕೆ ಇತ್ತು. ಹಾಗಾದರೆ ಅದು ಆರನೇ ದಿನ ಅಲ್ಲ, ಒಂಬತ್ತನೇ ದಿನ. ನನಗೆ ಎದೆ ಧಸಕ್ ಅಂತು. ಕೈಯಲ್ಲಿದ್ದ ಕೆಲಸ ಬಿಟ್ಟು, ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಿಡಿದುಕೊಂಡು ಹೋದೆ.

ಮೊದಲ ದಿನ ಯಾವುದು?

ಜ್ವರ ಬಂದ ದಿನ ಮೊದಲ ದಿನ ಅಲ್ಲ. ಪರೀಕ್ಷೆ ಪಾಸಿಟಿವ್ ಬಂದ ದಿನವೂ ಅಲ್ಲ. ಮೈಯಲ್ಲಿ ಏನೋ ಸರಿ ಇಲ್ಲ ಅಂತ ಮೊದಲು ಅನಿಸಿದ ದಿನವೇ ಒಂದನೇ ದಿನ. ಗಂಟಲು ಕೆರೆತ, ಮೈಕೈ ನೋವು, ಚಳಿ, ವಿಪರೀತ ಸುಸ್ತು, ವಾಸನೆ ಹೋದದ್ದು, ಭೇದಿ, ಇವುಗಳಲ್ಲಿ ಯಾವುದು ಮೊದಲು ಬಂತೋ ಅದು.

ಇದನ್ನು ರೋಗಿಯೊಬ್ಬರನ್ನೇ ಕೇಳಬೇಡಿ. ನಮ್ಮ ಕಡೆ ಗಂಡಸರು ಮಗ್ಗ ನಿಲ್ಲಿಸಬೇಕಾಗುತ್ತದೆ ಅಂತ ನೋವು ಹೇಳುವುದೇ ಇಲ್ಲ. ಹೆಣ್ಣುಮಕ್ಕಳು ಮನೆಗೆಲಸದ ನಡುವೆ ಮರೆತೇ ಬಿಡುತ್ತಾರೆ. ಜೊತೆಗೆ ಇರುವವರನ್ನು ಕೇಳಿ. ತಾರೀಖು ನೆನಪಿಲ್ಲದಿದ್ದರೆ ಸಂತೆ ದಿನ, ಅಮಾಸಿ, ಹುಣ್ಣಿಮೆ, ಯಾರದೋ ಮದುವೆ, ಕರೆಂಟ್ ಹೋಗಿದ್ದ ರಾತ್ರಿ, ಹೀಗೆ ಏನಾದರೂ ಹಿಡಿದು ಕೇಳಿ. "ಸಂತಿ ದಿನ ಊಟ ಸರಿ ಮಾಡಿದ್ರಾ?" ಅಂದರೆ ನೆನಪು ತಾನೇ ಬಿಚ್ಚಿಕೊಳ್ಳುತ್ತದೆ.

ಸಿಕ್ಕ ದಿನವನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ, ಇವಿಷ್ಟು ಬರಲಿ: ಎಷ್ಟನೇ ದಿನ, ಜ್ವರ ಎಷ್ಟು, ಕೂತಾಗ ಆಕ್ಸಿಜನ್ ಎಷ್ಟು, ನಡೆದ ಮೇಲೆ ಎಷ್ಟು, ನಿಮಿಷಕ್ಕೆ ಉಸಿರು ಎಷ್ಟು, ಯಾವ ಗುಳಿಗೆ ಎಷ್ಟು ಗಂಟೆಗೆ. ಗುಳಿಗೆಯ ಹೆಸರು ಗೊತ್ತಾಗದಿದ್ದರೆ ಖಾಲಿ ಪಟ್ಟಿಯನ್ನೇ ಪುಟಕ್ಕೆ ಅಂಟಿಸಿ. ಡಾಕ್ಟರ್‌ಗೆ ನೂರು ಮಾತಿಗಿಂತ ಈ ಪುಸ್ತಕ ಜಾಸ್ತಿ ಹೇಳುತ್ತದೆ.

ಮೊದಲ ವಾರ ಒಳಗೆ ಏನು ನಡೆಯುತ್ತದೆ

ಕೊರೊನಾ ವೈರಸ್ ಒಂದೇ ಅಲ್ಲ. ಸಾದಾ ನೆಗಡಿ ತರುವ ಕೊರೊನಾ ವೈರಸ್‌ಗಳು ನಾಲ್ಕು ಇವೆ. ಅವು ನಮಗೆ ಚಿಕ್ಕಂದಿನಿಂದ ಮತ್ತೆ ಮತ್ತೆ ಬಂದು ಹೋಗಿವೆ. 2002-03ರ ಸಾರ್ಸ್, 2012ರಲ್ಲಿ ಕಂಡ ಮರ್ಸ್, 2019ರ ಕೊನೆಗೆ ಬಂದ ಕೋವಿಡ್, ಈ ಮೂರು ಮಾತ್ರ ಪುಪ್ಪುಸಕ್ಕೆ (ಶ್ವಾಸಕೋಶಕ್ಕೆ) ಇಳಿದು ಜೀವಕ್ಕೆ ಕುತ್ತು ತಂದವು.

ಕೋವಿಡ್ ವೈರಸ್ ಮೂಗು, ಗಂಟಲು, ಪುಪ್ಪುಸದ ಒಳಮೈ ಕಣಗಳ ಮೇಲಿರುವ ಎಸಿಇ2 ಅನ್ನುವ ಹಿಡಿಕೆಗೆ ಅಂಟಿಕೊಂಡು ಒಳಗೆ ನುಗ್ಗುತ್ತದೆ. ವೈರಸ್ ಹೊಕ್ಕ ನಮ್ಮ ಕಣ ಸುಮ್ಮನೆ ಕೂರುವುದಿಲ್ಲ. ಇಂಟರ್‌ಫೆರಾನ್ ಅನ್ನುವ ವಸ್ತುವನ್ನು ಹೊರಗೆ ಬಿಟ್ಟು ಪಕ್ಕದ ಕಣಗಳಿಗೆ "ಕಳ್ಳ ಬಂದಾನ, ಬಾಗಿಲ ಹಾಕ್ರಿ" ಅಂತ ಕೂಗುತ್ತದೆ. ಆ ಕೂಗಿನ ಜೊತೆಗೇ ನಮಗೆ ಜ್ವರ, ಮೈಕೈ ನೋವು, ಸುಸ್ತು ಬರುತ್ತವೆ. ಅಂದರೆ ಮೊದಲ ದಿನಗಳ ಜ್ವರ ಬಹುಪಾಲು ನಮ್ಮ ಮೈಯ ಕೆಲಸವೇ. ಹೆದರಬೇಡಿ. ಡಾಕ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ನೀರು, ಗಂಜಿ, ಮಲಗುವುದು. ಅಷ್ಟು ಸಾಕು.

ಈ ವೈರಸ್ ಕಪಟಿ. ಆ ಮೊದಲ ಕೂಗನ್ನೇ ಅದು ಅದುಮುತ್ತದೆ. ಕೆಲವರಲ್ಲಿ ಇನ್ನೊಂದು ತೊಂದರೆಯೂ ಇದೆ ಅಂತ 2020ರಲ್ಲಿ ಗೊತ್ತಾಯಿತು. ಜೀವಕ್ಕೆ ಅಪಾಯ ಆಗುವಷ್ಟು ನ್ಯುಮೋನಿಯಾ ಆದವರಲ್ಲಿ ಸುಮಾರು 10% ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್‌ಗೆ ಅಂಟಿಕೊಂಡು ಅದರ ಕೆಲಸ ತಡೆಯುವ ಪ್ರೋಟೀನ್, ಅಂದರೆ ಆ್ಯಂಟಿಬಾಡಿ ಇದ್ದವು. ಅವರಲ್ಲಿ ಗಂಡಸರು, ವಯಸ್ಸಾದವರು ಜಾಸ್ತಿ. "ಗಟ್ಟಿಮುಟ್ಟಾಗಿದ್ದರು, ಇವರಿಗೆ ಹೆಂಗ ಹಿಂಗಾತು?" ಅಂತ ಎಷ್ಟೋ ಮನೆಗಳಲ್ಲಿ ಅತ್ತಿದ್ದಾರೆ. ಹೊರಗೆ ಕಾಣುವ ಗಟ್ಟಿತನವೇ ಬೇರೆ, ಒಳಗಿನ ಈ ಕೆಲಸವೇ ಬೇರೆ.

ಮೊದಲ ಮೂರು ದಿನದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿ ಬಂತು ಅಂತ ನಿಶ್ಚಿಂತರಾಗಬೇಡಿ. ಲ್ಯಾಬ್‌ನವಳೇ ಹೀಗೆ ಹೇಳುತ್ತಿದ್ದೇನೆ ಅಂತ ಆಶ್ಚರ್ಯ ಆಗಬಹುದು. ಆದರೆ ಎರಡನೇ ದಿನದ ಒಳ್ಳೆಯ ರಿಪೋರ್ಟ್ ಒಂಬತ್ತನೇ ದಿನದ ಬಗ್ಗೆ ಏನೂ ಹೇಳುವುದಿಲ್ಲ. ಬೇರೆ ಕಾಯಿಲೆ ಇಲ್ಲದ, ಚೆನ್ನಾಗಿ ಉಂಡು ಓಡಾಡುತ್ತಿರುವ ಹರೆಯದವರಿಗೆ ಎಷ್ಟೋ ಸಲ ರಕ್ತ ಪರೀಕ್ಷೆಯೇ ಬೇಕಾಗುವುದಿಲ್ಲ. ಅವರಿಗೆ ಆಕ್ಸಿಮೀಟರ್, ಥರ್ಮಾಮೀಟರ್ ಸಾಕು.

ಎರಡನೇ ವಾರಕ್ಕೆ ಕಣ್ಣು ಇಡಿ

ಐದಾರು ದಿನ ಕಳೆಯುವ ಹೊತ್ತಿಗೆ ಇನ್ನೊಂದು ಪಡೆ ಬರುತ್ತದೆ. ಟಿ ಕಣ, ಬಿ ಕಣ ಅಂತ ಅವುಗಳ ಹೆಸರು. ಎರಡೂ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳೇ. ಟಿ ಕಣಗಳು ವೈರಸ್ ಹೊಕ್ಕ ಕಣವನ್ನು ಗುರುತಿಸಿ ಕೊಲ್ಲುತ್ತವೆ. ಬಿ ಕಣಗಳು ಆ್ಯಂಟಿಬಾಡಿ ಮಾಡುತ್ತವೆ. ಹೆಚ್ಚಿನ ಜನರಲ್ಲಿ ಇಲ್ಲಿಗೆ ವೈರಸ್ ಸೋಲುತ್ತದೆ, ಪಡೆ ಹಿಂದೆ ಸರಿಯುತ್ತದೆ, ಮನುಷ್ಯ ಎದ್ದು ಕೂರುತ್ತಾನೆ.

ಕೆಲವರಲ್ಲಿ ಪಡೆ ಹಿಂದೆ ಸರಿಯುವುದಿಲ್ಲ. ಕಾಕಾ ಹುಷಾರಾದ ಮೇಲೆ ಇದನ್ನು ನನ್ನ ಹತ್ತಿರ ಕೇಳಿ ತಿಳಿದುಕೊಂಡ. ಅವನಿಗೆ ಮಗ್ಗದ ಮಾತಲ್ಲೇ ಹೇಳಿದೆ. ವಿದ್ಯುತ್ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಮಗ್ಗ ತಾನೇ ನಿಲ್ಲಬೇಕು. ನಿಲ್ಲಿಸುವ ವ್ಯವಸ್ಥೆ ಕೆಟ್ಟಿದ್ದರೆ ಮಗ್ಗ ಓಡುತ್ತಲೇ ಇರುತ್ತದೆ, ಒಳ್ಳೆಯ ಬಟ್ಟೆಯೂ ಹಾಳಾಗುತ್ತದೆ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, "ಅಂದ್ರ ನನ್ನ ಮಗ್ಗಾನ ನನ್ನ ಸೀರಿ ಹರದಿತ್ತನ್ನ ಯವ್ವಾ" ಅಂದ. ಹೌದು, ಹಾಗೇ. ವೈರಸ್ ಕಡಿಮೆಯಾಗುತ್ತಾ ಬಂದರೂ ನಮ್ಮದೇ ಕಣಗಳು ಸೈಟೋಕೈನ್ ಅನ್ನುವ ಸಂದೇಶ ವಸ್ತುಗಳನ್ನು ಸುರಿಸುತ್ತಲೇ ಇರುತ್ತವೆ. ಪುಪ್ಪುಸದ ಗಾಳಿಚೀಲಗಳ ಗೋಡೆ ಬಾತು ನೀರು ಒಸರುತ್ತದೆ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗಾಳಿ ಒಳಗೆ ಹೋದರೂ ಆಕ್ಸಿಜನ್ ರಕ್ತಕ್ಕೆ ಸೇರುವುದಿಲ್ಲ.

ಇದು ಸಾಮಾನ್ಯವಾಗಿ 7ರಿಂದ 12ನೇ ದಿನದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಗುಳಿಗೆಗೆ ಜ್ವರ ಇಳಿದಿರುತ್ತದೆ, ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಅದೇ ಹೊತ್ತಿಗೆ ಆಕ್ಸಿಜನ್ ಜಾರತೊಡಗುತ್ತದೆ. ಆಕ್ಸಿಜನ್ ಕಡಿಮೆ ಆದರೂ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಅನಿಸುವುದೇ ಇಲ್ಲ. ಮಾತಾಡುತ್ತಾ, ಚಹಾ ಕುಡಿಯುತ್ತಾ ಇರುತ್ತಾರೆ. ಅದಕ್ಕೇ ಕಣ್ಣಂದಾಜು ಬೇಡ, ಅಳೆಯಿರಿ.

ಈಗ ಲಸಿಕೆ ಆಗಿದೆ, ಬಹಳ ಜನರಿಗೆ ಒಂದೆರಡು ಸಲ ಸೋಂಕೂ ಬಂದು ಹೋಗಿದೆ. ಹಳೆಯ ನೆನಪಿರುವ ಕಣಗಳು ಬೇಗ ಎದ್ದು ಬರುತ್ತವೆ. ಹಾಗಾಗಿ ಹೆಚ್ಚಿನವರಲ್ಲಿ ಕಾಯಿಲೆ ಗಂಟಲಿನ ಹತ್ತಿರವೇ ಮುಗಿಯುತ್ತದೆ. ಆದರೆ ಕಿಡ್ನಿ ಕಸಿ ಆದವರು, ಕ್ಯಾನ್ಸರ್ ಔಷಧದಲ್ಲಿ ಇರುವವರು, ತುಂಬ ವಯಸ್ಸಾದವರು, ಸಕ್ಕರೆ ಹತೋಟಿಯಲ್ಲಿ ಇಲ್ಲದವರು ಇದ್ದರೆ ನೋಟ್‌ಬುಕ್ ಬೇಕೇ ಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತಗೊಳ್ಳುವವರ ಮೈಯಲ್ಲಿ ವೈರಸ್ ಜಾಸ್ತಿ ದಿನ ಉಳಿಯಬಹುದು. ಅವರಿಗೆ ಈ ದಿನಗಳ ಲೆಕ್ಕ ಹೊಂದುವುದಿಲ್ಲ. ಅವರು ಮೊದಲ ದಿನವೇ ತಮ್ಮ ಡಾಕ್ಟರ್‌ಗೆ ಫೋನ್ ಮಾಡಬೇಕು. ವೈರಸ್ ಕೊಲ್ಲುವ ಔಷಧ ಕೊಡುವುದಾದರೆ ಅದು ಮೊದಲ ದಿನಗಳಲ್ಲೇ ಕೆಲಸಕ್ಕೆ ಬರುವುದು.

ಆಕ್ಸಿಮೀಟರ್ ಹಿಡಿಯುವ ಬಗೆ

ಅವತ್ತು ಕಾಕಾನ ಬೆರಳಿಗೆ ಮಷಿನ್ ಹಾಕಿದೆ. 86 ತೋರಿಸಿತು, 91 ಆಯಿತು, ಆಮೇಲೆ ಗೆರೆ ಗೆರೆ. ಬೆರಳು ನೋಡಿದೆ. ನೂಲಿನ ಬಣ್ಣ ಉಗುರಿಗೆ ಹತ್ತಿ ಕಪ್ಪು ನೀಲಿ ಆಗಿತ್ತು. ಕೈ ತಣ್ಣಗಿತ್ತು. ಬಿಸಿನೀರಲ್ಲಿ ಕೈ ತೊಳೆಸಿ, ಒರೆಸಿ, ಬಣ್ಣ ಇಲ್ಲದ ಎಡಗೈ ನಡುಬೆರಳಿಗೆ ಹಾಕಿದೆ. ಐದು ನಿಮಿಷ ಕೂರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಇಡಿಸಿ, ಅಂಕಿ ಒಂದು ನಿಮಿಷ ಅಲುಗಾಡದೆ ನಿಲ್ಲುವ ತನಕ ಕಾದೆ. 94.

ನೀವೂ ಹೀಗೇ ಮಾಡಿ. ನೇಲ್ ಪಾಲಿಶ್, ಮೆಹಂದಿ, ಬಣ್ಣ ಇದ್ದರೆ ಅಂಕಿ ತಪ್ಪಬಹುದು. ಮೊದಲು ಮಿಣುಕಿದ ಅಂಕಿ ಬರೆಯಬೇಡಿ, ನಿಂತ ಅಂಕಿ ಬರೆಯಿರಿ. ಇನ್ನೊಂದು ಮಾತು, ಇದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ: ಕಪ್ಪು ಮೈಬಣ್ಣದವರಲ್ಲಿ ಈ ಮಷಿನ್ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಸಾಧ್ಯತೆ ಇದೆ. ಬಿಸಿಲಲ್ಲಿ ದುಡಿಯುವ ನಮ್ಮ ಜನಕ್ಕೆ ಇದು ಮುಖ್ಯ. ಹಾಗಾಗಿ ಒಂದು ಅಂಕಿಗಿಂತ ದಿನದಿಂದ ದಿನಕ್ಕೆ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೋಡಿ. 98, 97, 95, 94 ಅಂತ ಇಳಿಯುತ್ತಿದ್ದರೆ 93 ಆಗುವ ತನಕ ಕಾಯಬೇಡಿ.

ಆಮೇಲೆ ನಡೆಸಿ ನೋಡುವುದು. ಮನೆಯೊಳಗೆ ಸಮನೆಲದ ಮೇಲೆ, ಜೊತೆಗೆ ಒಬ್ಬರು ಇದ್ದುಕೊಂಡು, ಆರು ನಿಮಿಷ ಸಹಜವಾಗಿ ನಡೆಯಬೇಕು. 60 ದಾಟಿದವರಿಗೆ ಮೂರು ನಿಮಿಷ ಸಾಕು. ಕೂತಾಗಲೇ 93 ಅಥವಾ ಕಡಿಮೆ ಇದ್ದರೆ, ಇಲ್ಲ ಉಸಿರು ಎಳೆದಾಡುತ್ತಿದ್ದರೆ ನಡೆಸಲೇಬೇಡಿ, ಸೀದಾ ಆಸ್ಪತ್ರೆಗೆ. ನಡೆದ ಮೇಲೆ 93ಕ್ಕಿಂತ ಕೆಳಗೆ ಬಂದರೂ, ಕೂತಾಗ ಇದ್ದದ್ದಕ್ಕಿಂತ 3ಕ್ಕಿಂತ ಜಾಸ್ತಿ ಇಳಿದರೂ ಆಸ್ಪತ್ರೆಗೆ. ಕಾಕಾ ಪಡಸಾಲೆಯಿಂದ ಮಗ್ಗದ ಕೋಣೆಗೆ ಹೋಗಿ ಬಂದ, ಹೋಗಿ ಬಂದ. ಎರಡು ನಿಮಿಷಕ್ಕೆ 89. "ನನಗೇನ ಆಗಿಲ್ಲ ಬಿಡ" ಅನ್ನುತ್ತಲೇ ಇದ್ದ. ನಾನು ಕಾಕಾನ ಮಗನಿಗೆ ಗಾಡಿ ತರಿಸು ಅಂದೆ.

ಉಸಿರು ಎಣಿಸುವಾಗ ಅವರಿಗೆ ಹೇಳಬೇಡಿ. ಹೇಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ನೋಡುವ ಹಾಗೆ ಕೈ ಹಿಡಿದುಕೊಂಡು, ಎದೆ ಏರುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ನಿಮಿಷಕ್ಕೆ 24 ಅಥವಾ ಜಾಸ್ತಿ ಆದರೆ ಮನೆಯಲ್ಲಿ ಇರುವ ಹೊತ್ತಲ್ಲ. ಎದೆ ನೋವು, ತುಟಿ ನೀಲಿ ಆಗುವುದು, ಏನೇನೋ ಮಾತಾಡುವುದು, ಎಬ್ಬಿಸಿದರೂ ಏಳದಿರುವುದು, ಇವು ಕಂಡರೆ ಯಾವ ಅಂಕಿಯನ್ನೂ ನೋಡುತ್ತಾ ಕೂರಬೇಡಿ. ಜೋರು ಜ್ವರ ಐದು ದಿನ ದಾಟಿದರೂ ಡಾಕ್ಟರ್ ಹತ್ತಿರ ಹೋಗಿ.

ಗಾಡಿ ಬರುವ ತನಕ ಬೋರಲು ಮಲಗಿಸಬಹುದು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯ ಮೇಲ್ಭಾಗದ ತನಕ ಒಂದೆರಡು, ಮೊಣಕಾಲ ಕೆಳಗಿನ ಭಾಗಕ್ಕೆ ಎರಡು. ಬೆನ್ನಿನ ಕಡೆಯ ಪುಪ್ಪುಸ ಬಿಚ್ಚಿಕೊಂಡು ಆಕ್ಸಿಜನ್ ಸ್ವಲ್ಪ ಏರುತ್ತದೆ. ಊಟ ಆಗಿ ಒಂದು ತಾಸು ಆಗದಿದ್ದರೆ ಬೇಡ. ಬಸುರಿಯರಿಗೆ, ಹೃದಯದ ದೊಡ್ಡ ತೊಂದರೆ ಇರುವವರಿಗೆ ಬೇಡ. ಅಂಕಿ ಏರಿತು ಅಂತ ಗಾಡಿ ವಾಪಸ್ ಕಳಿಸಬೇಡಿ.

ರಿಪೋರ್ಟ್ ಓದುವುದು

ಇದು ನನ್ನ ಕೆಲಸದ ಜಾಗ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಸಿಬಿಸಿ, ಅಂದರೆ ರಕ್ತದ ಕಣಗಳನ್ನು ಎಣಿಸುವ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬ್‌ಗೆ ತೆಗೆಯುವ ರಕ್ತ. ಇದು ಅಗ್ಗದ ಪರೀಕ್ಷೆ, ಆದರೆ ಬಹಳ ಹೇಳುತ್ತದೆ. ಅದರಲ್ಲಿ ಲಿಂಫೋಸೈಟ್ ಸಾಲು ಹುಡುಕಿ. ಶೇಕಡಾ ಲೆಕ್ಕ ಕೊಟ್ಟಿರುತ್ತಾರೆ, ದೊಡ್ಡವರಲ್ಲಿ ಸಾಮಾನ್ಯ 20ರಿಂದ 40. ಬರೀ ಶೇಕಡಾ ನೋಡಿದರೆ ಸಾಲದು, ಒಟ್ಟು ಬಿಳಿಕಣಕ್ಕೆ ಗುಣಿಸಬೇಕು. ಕಾಕಾನ ಒಟ್ಟು ಬಿಳಿಕಣ 4,200, ಲಿಂಫೋಸೈಟ್ 14%. ಅಂದರೆ 588. ದೊಡ್ಡವರಲ್ಲಿ ಇದು 1,000ಕ್ಕಿಂತ ಮೇಲೆ ಇರಬೇಕು. ಒಟ್ಟು 4,200 ನೋಡಿ "ನಾರ್ಮಲ್ ಐತಿ" ಅಂದುಕೊಂಡಿದ್ದರೆ ಒಳಗಿನ ಸಂಗತಿ ತಪ್ಪಿ ಹೋಗುತ್ತಿತ್ತು. ಹೊಡೆದಾಡುವ ಕಣಗಳೇ ರಕ್ತದಲ್ಲಿ ಕಡಿಮೆ ಆಗಿದ್ದವು. ನ್ಯೂಟ್ರೋಫಿಲ್ ಅನ್ನುವ ಇನ್ನೊಂದು ಬಗೆಯ ಬಿಳಿಕಣ 80% ಇತ್ತು. 80ನ್ನು 14ರಿಂದ ಭಾಗಿಸಿದರೆ 5.7. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ. ಏರಿದಷ್ಟೂ ಎಚ್ಚರ ಬೇಕು.

ಒಂದು ಸಂಗತಿ ಮುಚ್ಚಿಡಬೇಡಿ. ರಕ್ತ ಕೊಡುವ ಮುಂಚೆ ಸ್ಟೀರಾಯ್ಡ್ ಗುಳಿಗೆ (ಮೈಯ ಈ ಪಡೆಯನ್ನು ತಗ್ಗಿಸುವ ಔಷಧ) ತಗೊಂಡಿದ್ದರೆ ಹೇಳಿ. ಸ್ಟೀರಾಯ್ಡ್‌ನಿಂದಲೂ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಗೊತ್ತಿಲ್ಲದೆ ಓದಿದರೆ ಅರ್ಥವೇ ಬೇರೆ ಆಗುತ್ತದೆ.

ಎರಡನೆಯದು ಸಿಆರ್‌ಪಿ. ಐಎಲ್-6 ಅನ್ನುವ ಸೈಟೋಕೈನ್ ಹೆಚ್ಚಾದಾಗ ಲಿವರ್ ಈ ಪ್ರೋಟೀನ್ ಮಾಡುತ್ತದೆ. ಮೈಯೊಳಗೆ ಬೆಂಕಿ ಎಷ್ಟಿದೆ ಅಂತ ಹೇಳುವ ಹೊಗೆ ಅಂದುಕೊಳ್ಳಿ. ಆದರೆ ಹೊಗೆ ಯಾವ ಒಲೆಯದ್ದು ಅಂತ ಅದು ಹೇಳುವುದಿಲ್ಲ. ಬ್ಯಾಕ್ಟೀರಿಯಾ ನ್ಯುಮೋನಿಯಾ, ಮೂತ್ರದ ಸೋಂಕು, ಟೈಫಾಯ್ಡ್‌ನಲ್ಲೂ ಏರುತ್ತದೆ. ಇಲ್ಲಿ ದೊಡ್ಡ ಗೊಂದಲ ಅಳತೆಯದ್ದು. ನಮ್ಮ ಓಣಿಯ ಒಂದು ಮನೆಯಲ್ಲಿ ಮೊದಲ ದಿನ ಒಂದು ಲ್ಯಾಬ್‌ನ ರಿಪೋರ್ಟ್ 6.2 ಅಂತ ಬಂತು. ಮರುದಿನ ಬೇರೆ ಕಡೆ ಮಾಡಿಸಿದಾಗ 58. ಒಂದೇ ರಾತ್ರಿಗೆ ಒಂಬತ್ತು ಪಟ್ಟು ಆಯಿತು ಅಂತ ಮನೆಯವರೆಲ್ಲ ಅತ್ತರು. ಎರಡೂ ಕಾಗದ ಪಕ್ಕಪಕ್ಕ ಇಟ್ಟು ತೋರಿಸಿದೆ. ಮೊದಲನೆಯದು ಡೆಸಿಲೀಟರ್‌ಗೆ ಮಿಲಿಗ್ರಾಂ, ಎರಡನೆಯದು ಲೀಟರ್‌ಗೆ ಮಿಲಿಗ್ರಾಂ. ಒಂದು ಲೀಟರ್ ಅಂದರೆ 10 ಡೆಸಿಲೀಟರ್. ಹಾಗಾಗಿ 6.2 ಅಂದರೆ 62. ಏರಿರಲಿಲ್ಲ, 62ರಿಂದ 58ಕ್ಕೆ ಇಳಿದಿತ್ತು! ಅಂಕಿಯ ಪಕ್ಕದ ಸಣ್ಣ ಅಕ್ಷರ ಓದದೆ ಎರಡು ರಿಪೋರ್ಟ್ ಹೋಲಿಸಬೇಡಿ. ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ಡಿ-ಡೈಮರ್‌ನಲ್ಲೂ ಇದೇ ಕಥೆ. ರಕ್ತ ಹೆಪ್ಪುಗಟ್ಟಿ ಕರಗಿದಾಗ ಉಳಿಯುವ ಚೂರನ್ನು ಇದು ಅಳೆಯುತ್ತದೆ. ಎಫ್‌ಇಯು, ಡಿಡಿಯು ಅಂತ ಎರಡು ಲೆಕ್ಕ ಇವೆ. ಎಫ್‌ಇಯು ಅಂಕಿ ಡಿಡಿಯುಗಿಂತ ಸುಮಾರು ಎರಡು ಪಟ್ಟು ಇರುತ್ತದೆ. 500 ಎಫ್‌ಇಯು ಅಂದರೆ ಸುಮಾರು 250 ಡಿಡಿಯು. ಇದಕ್ಕೆ ನೀಲಿ ಮುಚ್ಚಳದ ಟ್ಯೂಬ್ ಬೇಕು, ರಕ್ತ ಗೆರೆಯ ತನಕ ಸರಿಯಾಗಿ ತುಂಬಬೇಕು. ಒಳಗಿರುವ ದ್ರಾವಣ ಒಂದು ಪಾಲು, ರಕ್ತ ಒಂಬತ್ತು ಪಾಲು. ಕಡಿಮೆ ತುಂಬಿದ್ದರೆ ಮತ್ತೆ ತೆಗೆಯಿರಿ ಅಂತ ಕೇಳುವ ಹಕ್ಕು ನಿಮಗಿದೆ. ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ ಇದು ತಾನಾಗಿಯೇ ಜಾಸ್ತಿ ಇರುತ್ತದೆ. ಅಂಕಿ ನೋಡಿ ರಕ್ತ ತೆಳು ಮಾಡುವ ಗುಳಿಗೆ ನೀವೇ ತಗೊಳ್ಳಬೇಡಿ.

ಫೆರಿಟಿನ್, ಐಎಲ್-6 ಪರೀಕ್ಷೆಗಳು ಮನೆಯಲ್ಲಿರುವ ರೋಗಿಗೆ ಬೇಕಿಲ್ಲ. ಐಎಲ್-6 ದುಬಾರಿ. ಆ ದುಡ್ಡಲ್ಲಿ ಆಕ್ಸಿಮೀಟರ್ ತಗೊಳ್ಳಿ. ಐಎಲ್-6 ಕೆಲಸ ತಡೆಯುವ ಟೋಸಿಲಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಆಸ್ಪತ್ರೆಯಲ್ಲಿ, ಆಕ್ಸಿಜನ್ ಬೇಕಾಗಿ ಉರಿ ತುಂಬ ಏರಿದ ಕೆಲವರಿಗೆ ಮಾತ್ರ.

ಸ್ಟೀರಾಯ್ಡ್: ದಿನ ತಪ್ಪಿದರೆ ಮದ್ದೇ ವಿಷ

2020ರ ಜೂನ್‌ನಲ್ಲಿ ಬ್ರಿಟನ್‌ನ ರಿಕವರಿ ಅನ್ನುವ ದೊಡ್ಡ ಪರೀಕ್ಷೆಯ ಫಲ ಹೊರಬಂತು. ಡೆಕ್ಸಾಮೆಥಸೋನ್ ಅನ್ನುವ ಹಳೆಯ, ಅಗ್ಗದ ಸ್ಟೀರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟಿದ್ದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಪಾಲು, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಪಾಲು ಕಡಿಮೆ ಆಯಿತು. ಆಕ್ಸಿಜನ್ ಬೇಡದಿದ್ದವರಿಗೆ ಏನೂ ಲಾಭ ಆಗಲಿಲ್ಲ, ಕೆಡುಕಾಗುವ ಸೂಚನೆಯೇ ಕಂಡಿತು.

ದಿನಗಳ ಲೆಕ್ಕ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥ ಆಗುತ್ತದೆ ಅಲ್ವಾ? ಸ್ಟೀರಾಯ್ಡ್ ನಮ್ಮ ಪಡೆಯನ್ನು ಮಲಗಿಸುತ್ತದೆ. ಎರಡನೇ ವಾರ ಪಡೆ ಹದ್ದು ಮೀರಿ ಪುಪ್ಪುಸ ಸುಡುತ್ತಿರುವಾಗ ಮಲಗಿಸಿದರೆ ಜೀವ ಉಳಿಯುತ್ತದೆ. ಎರಡನೇ ದಿನ, ವೈರಸ್ ಮೈತುಂಬ ಹರಡುತ್ತಿರುವಾಗ ಮಲಗಿಸಿದರೆ ಊರಿಗೆ ಕಳ್ಳ ನುಗ್ಗಿದಾಗ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ.

ನಮ್ಮ ಕಡೆ ಆದದ್ದು ಅದೇ. ಪರಿಚಯದ ಒಬ್ಬರಿಗೆ ಜ್ವರ ಬಂದ ಎರಡನೇ ದಿನವೇ ಯಾರೋ ಸ್ಟೀರಾಯ್ಡ್ ಶುರು ಮಾಡಿಸಿದರು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ. ಏಳನೇ ದಿನ ರಕ್ತ ತಂದರು. ಗ್ಲೂಕೋಸ್ 400 ದಾಟಿತ್ತು. ಅಂಕಿ ನಂಬದೆ ನಾನು ಎರಡು ಸಲ ಓಡಿಸಿದೆ, ಅಷ್ಟೇ ಬಂತು. ಆ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಅಂತ ಜನ ಕಣ್ಣು ಕಳೆದುಕೊಂಡದ್ದರ ಹಿಂದೆ ಏರಿದ ಸಕ್ಕರೆ ಮತ್ತು ಬೇಡದ ಸ್ಟೀರಾಯ್ಡ್ ಎರಡೂ ಇದ್ದವು. ಕಾಕಾನಿಗೂ ಡೆಕ್ಸಾಮೆಥಸೋನ್ ಕೊಟ್ಟರು. ಆದರೆ ಒಂಬತ್ತನೇ ದಿನ, ಆಕ್ಸಿಜನ್ ಹಚ್ಚಿದ ಮೇಲೆ, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡುತ್ತಾ.

ಹಾಗಂತ ದಮ್ಮು, ಸಂಧಿವಾತಕ್ಕೆ ಮೊದಲಿಂದ ಡಾಕ್ಟರ್ ಹೇಳಿ ಸ್ಟೀರಾಯ್ಡ್ ತಗೊಳ್ಳುತ್ತಿರುವವರು, ಪಂಪ್ ಎಳೆಯುವವರು ಇದನ್ನು ಓದಿ ತಟಕ್ಕನೆ ನಿಲ್ಲಿಸಬೇಡಿ. ಅದೂ ಅಪಾಯ.

"ಇಮ್ಯುನಿಟಿ ಹೆಚ್ಚಿಸುತ್ತದೆ" ಅಂತ ಬರೆದ ಪುಡಿ, ಗುಳಿಗೆಗೆ ಜನ ಎಷ್ಟು ದುಡ್ಡು ಸುರಿದರೋ. ನನಗೆ ನಿಜಕ್ಕೂ ನೋವಾಗುತ್ತದೆ. ಕೂಲಿ ಹಣ ಅದು. ಬೇಕಾದದ್ದು ಜಾಸ್ತಿ ಶಕ್ತಿ ಅಲ್ಲ. ಸರಿಯಾದ ದಿನ ಎದ್ದು, ಸರಿಯಾದ ದಿನ ಮಲಗುವ ಶಕ್ತಿ. ಬಿಸಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ಮೆಣಸು, ಶುಂಠಿ ಸುರಿದು ದಿನಕ್ಕೆ ಐದು ಸಲ ಕುಡಿದು ಹೊಟ್ಟೆ ಉರಿಸಿಕೊಳ್ಳಬೇಡಿ. ಸಕ್ಕರೆ ಇರುವವರು ಬೆಲ್ಲ ಬಿಡಿ. ಜೋಳದ ಗಂಜಿ, ಹೆಸರುಬೇಳೆ ಕಟ್ಟು, ಮಜ್ಜಿಗೆ, ತಿನ್ನುವವರಿಗೆ ತತ್ತಿ. ಉಪವಾಸ ಮಾತ್ರ ಇರಿಸಬೇಡಿ.

ಆ್ಯಂಟಿಬಾಡಿ ಪರೀಕ್ಷೆ ಬೇಕಾ?

ಕಾಯಿಲೆ ಇದೆಯೋ ಇಲ್ಲವೋ ನೋಡಲು ಇದು ಬೇಡ. ಅದಕ್ಕೆ ಗಂಟಲು, ಮೂಗಿನ ದ್ರವದ ಪರೀಕ್ಷೆ ಇದೆ. ಆ್ಯಂಟಿಬಾಡಿ ರಕ್ತದಲ್ಲಿ ಕಾಣಿಸಿಕೊಳ್ಳುವುದೇ ಎರಡನೇ ವಾರದಲ್ಲಿ.

ಲಸಿಕೆ ತಗೊಂಡ ಮೇಲೆ "ನೆಗೆಟಿವ್ ಬಂದೈತಿ, ಸೂಜಿ ವ್ಯರ್ಥ ಆತು" ಅಂತ ಅತ್ತವರನ್ನು ನೋಡಿದ್ದೇನೆ. ಕೋವಿಶೀಲ್ಡ್ ವೈರಸ್‌ನ ಮುಳ್ಳಿನ ಪ್ರೋಟೀನ್ ಒಂದನ್ನೇ ಮೈಗೆ ತೋರಿಸುತ್ತದೆ. ಕೆಲವು ಕಿಟ್‌ಗಳು ವೈರಸ್‌ನ ಒಳಗಿನ ಎನ್ ಪ್ರೋಟೀನ್ ವಿರುದ್ಧದ ಆ್ಯಂಟಿಬಾಡಿ ಹುಡುಕುತ್ತವೆ. ಸೋಂಕು ಬಾರದೆ ಕೋವಿಶೀಲ್ಡ್ ಮಾತ್ರ ತಗೊಂಡವರಿಗೆ ಆ ಕಿಟ್‌ನಲ್ಲಿ ನೆಗೆಟಿವ್ ಬರುವುದೇ ಸರಿ. ಕೋವ್ಯಾಕ್ಸಿನ್‌ನಲ್ಲಿ ಸಾಯಿಸಿದ ಇಡೀ ವೈರಸ್ ಇರುತ್ತದೆ, ಹಾಗಾಗಿ ಎರಡೂ ಬಗೆ ಕಾಣಬಹುದು. ಆ ಲಸಿಕೆಯನ್ನು ಮೊದಲ ಸಲ ಜನರಿಗೆ ಕೊಟ್ಟು ನೋಡಿದ ಆಸ್ಪತ್ರೆಗಳಲ್ಲಿ ನಮ್ಮ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದು, 2020ರಲ್ಲಿ. ಸುದ್ದಿ ಓದಿದ ದಿನ ನನಗೆ ತುಂಬ ಹೆಮ್ಮೆ ಅನಿಸಿತ್ತು.

ಆ್ಯಂಟಿಬಾಡಿ ತಿಂಗಳು ಕಳೆದಂತೆ ಇಳಿಯುತ್ತದೆ. ಅದು ಇಳಿದರೂ ನೆನಪಿನ ಕಣಗಳು ಉಳಿಯುತ್ತವೆ. 2003ರಲ್ಲಿ ಸಾರ್ಸ್ ಬಂದು ಬದುಕಿದವರ ರಕ್ತದಲ್ಲಿ 17 ವರ್ಷದ ಮೇಲೂ ಆ ವೈರಸ್ ಗುರುತು ಹಿಡಿಯುವ ಟಿ ಕಣಗಳು ಸಿಕ್ಕಿವೆ. ಊರ ಲ್ಯಾಬ್‌ನ ಆ್ಯಂಟಿಬಾಡಿ ಕಿಟ್ ಅವನ್ನು ಎಣಿಸುವುದಿಲ್ಲ.

ಹುಷಾರಾದ ಮೇಲೆ

ಮಕ್ಕಳಿರುವ ಮನೆಯಲ್ಲಿ ಪುಸ್ತಕ ಬೇಗ ಮುಚ್ಚಬೇಡಿ. ಸೋಂಕು ಹೋಗಿ 2ರಿಂದ 6 ವಾರದ ಮೇಲೆ ಮಗುವಿಗೆ ಮತ್ತೆ ಜ್ವರ, ಹೊಟ್ಟೆನೋವು, ಕಣ್ಣು ಕೆಂಪು, ಮೈಮೇಲೆ ಗಂಧೆ ಕಂಡರೆ ಅವತ್ತೇ ಮಕ್ಕಳ ಡಾಕ್ಟರ್‌ಗೆ ತೋರಿಸಿ, ಹಿಂದೆ ಕೊರೊನಾ ಬಂದಿತ್ತು ಅಂತ ಹೇಳಿ. ಅಪರೂಪ, ಆದರೆ ತಡ ಮಾಡಬಾರದು. ಅದೂ ನಿಲ್ಲದ ಮಗ್ಗದ ಕಾಯಿಲೆಯೇ.

ದೊಡ್ಡವರು ಕೆಲಸಕ್ಕೆ ಅವಸರ ಮಾಡಬೇಡಿ. ಕಾಕಾ ಮೇ 28ಕ್ಕೆ, ಹದಿನೆಂಟನೇ ದಿನ ಮನೆಗೆ ಬಂದ. ಮೊದಲ ವಾರ ಪಡಸಾಲೆಯಿಂದ ಬಾಗಿಲ ತನಕ ನಡಿಗೆ. ಆಮೇಲೆ ಕೂತು ಕಂಡಿಕೆ ಸುತ್ತುವ ಕೆಲಸ, ಅದೂ ಅರ್ಧ ತಾಸು. ಸುಸ್ತಾದ ಮರುದಿನ ರಜೆ. ನೂಲಿನ ಧೂಳಿಗೆ ಮೂಗಿಗೆ ಬಟ್ಟೆ. ಕಾಕಿ ಓದಿದ್ದು ನಾಲ್ಕನೇ ಇಯತ್ತೆ, ಆದರೆ ನೋಟ್‌ಬುಕ್ ಒಂದು ದಿನವೂ ಬಿಡಲಿಲ್ಲ. ಅದರ ಕೊನೆಯ ಸಾಲು ಜೂನ್ 20ರದ್ದು. "ದಿನಾ 41. ನಡದ ಮ್ಯಾಲೆ 97. ಮಗ್ಗಕ ಕುಂತರು."